ಬಿಳಿ ಗೆರೆ ಎಳೆಯುವ ಮೊದಲು ಒಂದು ವಾರ ರಸ್ತೆ ನೋಡಿ: ಉಡುಪಿ ಜಿಲ್ಲಾಧಿಕಾರಿಯವರಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಯವರಿಗೆ ನಮಸ್ಕಾರಗಳು.

ನಾನು ಕಲ್ಮಾಡಿಯವನು. ಉಡುಪಿ ಪೇಟೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಹದಿನಾರು ವರ್ಷದಿಂದ ಶಾಲೆಗೆ ಸೈಕಲಿನಲ್ಲೇ ಹೋಗಿ ಬರುತ್ತೇನೆ, ಮಳೆಗಾಲದಲ್ಲೂ.

ಕಳೆದ ವರ್ಷ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಇದ್ದಕ್ಕಿದ್ದಂತೆ ಸೈಕಲ್ ಬಿಟ್ಟು ಬಸ್ಸಿನಲ್ಲಿ ಬರಲು ಶುರು ಮಾಡಿದಳು. ಯಾಕಮ್ಮ ಅಂತ ಕೇಳಿದೆ. ಕರಾವಳಿ ಜಂಕ್ಷನ್ ಹತ್ತಿರ ಒಂದು ಮೀನಿನ ಲಾರಿ ಅವಳ ಹ್ಯಾಂಡಲಿಗೆ ಗೇಣು ದೂರದಲ್ಲಿ ದಾಟಿ ಹೋಗಿತ್ತು. ಅವಳು ಹೆದರಿ ಕಾಲು ಕೊಟ್ಟು ನಿಂತಿದ್ದಳು. "ಏನೂ ಆಗ್ಲಿಲ್ಲ ಸರ್. ಆದ್ರೆ ಅಮ್ಮ ಇನ್ನು ಸೈಕಲ್ ಬೇಡ ಅಂದ್ರು" ಎಂದಳು.

ಆ "ಏನೂ ಆಗ್ಲಿಲ್ಲ" ಎಂಬ ಮಾತಿಗಾಗಿಯೇ ಈ ಪತ್ರ. ಅವಳು ಬಿದ್ದಿದ್ದರೆ, ಏಟಾಗಿದ್ದರೆ, ಠಾಣೆಯಲ್ಲಿ ಒಂದು ಸಾಲು ಬರೆಯುತ್ತಿದ್ದರು. ಬೀಳಲಿಲ್ಲ, ಹಾಗಾಗಿ ಯಾವ ಪುಸ್ತಕದಲ್ಲೂ ಅದು ಇಲ್ಲ. ಆದರೆ ಒಂದು ಮಗು ಸೈಕಲ್ ಬಿಟ್ಟಿತು. ನಮ್ಮ ರಸ್ತೆಯಲ್ಲಿ ಸೈಕಲ್ ಕಡಿಮೆಯಾಗುವುದು ಹೀಗೆಯೇ, ಒಂದೊಂದಾಗಿ, ಸದ್ದಿಲ್ಲದೆ. ಆಮೇಲೆ ನಾವೇ ಹೇಳುತ್ತೇವೆ, "ಈಗ ಯಾರು ಸೈಕಲ್ ಹೊಡೀತಾರೆ?" ಅಂತ.

ಯಾರು ಹೊಡೆಯುತ್ತಾರೆ ಎಂದು ನನಗೆ ಗೊತ್ತು, ದಿನಾ ಅವರ ಜೊತೆಗೇ ಹೋಗುತ್ತೇನಲ್ಲ. ನಸುಕಿನಲ್ಲಿ ಮಲ್ಪೆ ಬಂದರಿಗೆ ಹೋಗುವ ಕೆಲಸದವರು. ಪೇಪರ್ ಹಾಕುವ ಹುಡುಗರು. ಹಿಂದಿನ ಕ್ಯಾರಿಯರಿಗೆ ಬುತ್ತಿ ಕಟ್ಟಿಕೊಂಡು ಕಟ್ಟಡ ಕೆಲಸಕ್ಕೆ ಹೋಗುವ, ಬೇರೆ ರಾಜ್ಯದಿಂದ ಬಂದ ತರುಣರು. ಇವರಲ್ಲಿ ಬಹಳ ಜನರ ಸೈಕಲಿಗೆ ಲೈಟೇ ಇರುವುದಿಲ್ಲ. ಭಾನುವಾರ ಬೆಳಿಗ್ಗೆ ಹೆಲ್ಮೆಟ್ ಹಾಕಿಕೊಂಡು ಮಣಿಪಾಲದಿಂದ ಇಳಿದು ಬರುವ ಗೇರ್ ಸೈಕಲಿನವರು. ಮತ್ತೆ ಶಾಲೆ ಮಕ್ಕಳು. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತು. ಕೊರೊನಾ ಬರುವವರೆಗೂ ಅದು ನಡೆಯಿತು. ಸೈಕಲ್ ಬಂದ ದಿನ ಮಕ್ಕಳ ಮುಖ ನೋಡಬೇಕಿತ್ತು ಸರ್. ಸೈಕಲ್ ಕೊಟ್ಟೆವು. ಅದನ್ನು ಹೊಡೆಯಲು ರಸ್ತೆಯಲ್ಲಿ ಒಂದು ಮೊಳ ಜಾಗ ಕೊಡಲಿಲ್ಲ.

ಸೈಕಲಿನವರು ನಾಲ್ಕು ಜನ ಸೇರಿದರೆ ಸೈಕಲ್ ಪಥ ಬೇಕು ಎನ್ನುವ ಮಾತು ಬಂದೇ ಬರುತ್ತದೆ. ನನಗೂ ಬೇಕು. ಆದರೆ ನಾನು ಇವತ್ತು ಕೇಳುತ್ತಿರುವುದು ಪಥವನ್ನಲ್ಲ. ಪಥಕ್ಕೂ ಮೊದಲು ಮಾಡಬೇಕಾದ ಒಂದು ಕೆಲಸ ಇದೆ. ಸೈಕಲಿನವರು, ಬಸ್ಸು, ಆಟೋ, ಸ್ಕೂಟರ್, ನಡೆಯುವವರು ಈ ರಸ್ತೆಯಲ್ಲಿ ಒಬ್ಬರಿಗೊಬ್ಬರು ಎಲ್ಲಿ ಅಡ್ಡ ಬರುತ್ತಾರೆ, ಹೇಗೆ ತಪ್ಪಿಸಿಕೊಳ್ಳುತ್ತಾರೆ ಎಂದು ಕೂತು ನೋಡಿ ಬರೆದುಕೊಳ್ಳಬೇಕು.

ನೋಡದೆ ಮಾಡಿದರೆ ಏನಾಗುತ್ತದೆ ಎನ್ನುವುದಕ್ಕೆ ಬೆಂಗಳೂರು ಇದೆ. 2020ರಲ್ಲಿ ಅಲ್ಲಿನ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಸೈಕಲ್ ಪಥ ಮಾಡಿದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ಬೈಕುಗಳು ಒಳಗೆ ನುಗ್ಗಿದವು, ಕಂಬಗಳು ಮುರಿದವು, ಕೊನೆಗೆ ಅವನ್ನು ಕಿತ್ತೂ ಹಾಕಿದರು. ನಮ್ಮಲ್ಲಿ ಬರೀ ಬಿಳಿ ಗೆರೆ ಎಳೆದರೆ ಒಂದು ವಾರದಲ್ಲಿ ಅಲ್ಲಿ ಕಾರು ನಿಲ್ಲುತ್ತದೆ. ಎಳನೀರಿನ ಗಾಡಿಯೂ ನಿಲ್ಲುತ್ತದೆ. ಅವರದ್ದು ಮಾತ್ರ ತಪ್ಪು ಅಂತ ನಾನು ಹೇಳುವುದಿಲ್ಲ. ಅವರಿಗೂ ಜಾಗ ಬೇಕಲ್ವಾ?

ಮಲ್ಪೆಯಿಂದ ಉಡುಪಿಗೆ, ಅಲ್ಲಿಂದ ಮಣಿಪಾಲಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 169ಎ ತೆಗೆದುಕೊಳ್ಳಿ. ನಾನು ಅತಿ ಹೆಚ್ಚು ನೋಡಿದ್ದು ಬಸ್ ಸ್ಟಾಪುಗಳನ್ನು. ಸೈಕಲಿನವನು ರಸ್ತೆಯ ಎಡ ಅಂಚಿನಲ್ಲಿ ಹೋಗುತ್ತಿರುತ್ತಾನೆ. ಬಸ್ಸು ಬಲದಿಂದ ಅವನನ್ನು ದಾಟುತ್ತದೆ. ದಾಟಿ ಮುಗಿಯುವ ಮೊದಲೇ, ಮುಂದೆ ಕೈ ತೋರಿಸಿದ ಪ್ರಯಾಣಿಕರಿಗಾಗಿ ಎಡಕ್ಕೆ ಎಳೆಯುತ್ತದೆ. ಸೈಕಲಿಗೆ ಬ್ರೇಕ್ ಹಾಕಬೇಕು, ಇಲ್ಲವೇ ಬಸ್ಸಿನ ಬಲಕ್ಕೆ ಹೋಗಬೇಕು. ಬಲಕ್ಕೆ ಹೋದರೆ ಹಿಂದಿನಿಂದ ಇನ್ನೊಂದು ಬಸ್ಸು. ಅಷ್ಟರಲ್ಲಿ ಕಂಡಕ್ಟರ್ "ರೈಟ್ ಪೋಯಿ" ಅನ್ನುತ್ತಾರೆ, ನಿಂತಿದ್ದ ಬಸ್ಸು ಬಲಕ್ಕೆ ಹೊರಡುತ್ತದೆ. ಎರಡು ಬಸ್ಸಿನ ನಡುವೆ ಸೈಕಲಿನವನು. ಎರಡು ವರ್ಷದ ಹಿಂದೆ ನಾನೇ ಹೀಗೆ ಸಿಕ್ಕಿಬಿದ್ದೆ. ಡಾಂಬರಿನ ಅಂಚಿನಿಂದ ಕೆಳಗೆ ಚಕ್ರ ಜಾರಿ, ಮೊಣಕೈ ಒಡೆದುಕೊಂಡೆ. ಡ್ರೈವರಣ್ಣ ಬಸ್ಸು ನಿಲ್ಲಿಸಿ ಓಡಿ ಬಂದರು. ಅವರ ಕೈ ನಡುಗುತ್ತಿತ್ತು. "ಹಿಂದಿನ ಬಸ್ಸಿನ ಟೈಮು ಸರ್, ಎರಡು ನಿಮಿಷ ನಿಂತ್ರೆ ಅವ್ನು ನಮ್ಮನ್ನು ದಾಟಿ ಮುಂದೆ ಹೋಗ್ತಾನೆ" ಅಂದರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಆ ಎರಡು ನಿಮಿಷ ಅವರು ಮಾಡಿದ್ದಲ್ಲ.

ಈ ಪತ್ರ ನಿಮಗೇ ಬರೆದದ್ದು ಇದೇ ಕಾರಣಕ್ಕೆ. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಅಧ್ಯಕ್ಷರು ನೀವು. ಬಸ್ಸುಗಳ ಪರ್ಮಿಟ್ಟು, ಸಮಯ ನೋಡುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಅಧ್ಯಕ್ಷರೂ ನೀವೇ. ಸೈಕಲಿನವನ ಎಡ ಅಂಚು ಮತ್ತು ಬಸ್ಸಿನ ಎರಡು ನಿಮಿಷ, ಎರಡೂ ಒಂದೇ ಮೇಜಿಗೆ ಬರುತ್ತವೆ.

ಇನ್ನು ಮೀನಿನ ನೀರು. ಮಲ್ಪೆಯಿಂದ ಹೊರಡುವ ಲಾರಿ, ಟೆಂಪೋಗಳಿಂದ ಸೋರಿದ ನೀರು ರಸ್ತೆ ಎಡಕ್ಕೆ ಇಳಿದು ಅಂಚಿನಲ್ಲೇ ಹರಿಯುತ್ತದೆ. ಅದು ಎಣ್ಣೆಯ ಹಾಗೆ ಜಾರುತ್ತದೆ. ಸೈಕಲಿನವರು ಅದನ್ನು ಬಿಟ್ಟು ಒಂದು ಮಾರು ಬಲಕ್ಕೆ ಬರುತ್ತಾರೆ. ಹಿಂದಿನ ಕಾರಿನವರಿಗೆ ಅದು ಸುಮ್ನೆ ರಸ್ತೆ ಮಧ್ಯ ಬಂದ ಹಾಗೆ ಕಾಣುತ್ತದೆ, ಉದ್ದ ಹಾರ್ನ್ ಹೊಡೆಯುತ್ತಾರೆ. ಕೊಡೆ ಹಿಡಿದು ಒಂದೇ ಕೈಯಲ್ಲಿ ಹೊಡೆಯುವವರು, ರೇನ್‌ಕೋಟಿನ ಟೊಪ್ಪಿಯಿಂದ ಹಿಂದೆ ತಿರುಗಿ ನೋಡಲಾಗದ ಮಕ್ಕಳು, ನೀರು ತುಂಬಿ ಕಾಣದ ಹೊಂಡ, ಇವೆಲ್ಲ ಮಳೆಗಾಲದ್ದು. ನಮ್ಮ ತಪ್ಪೂ ಇದೆ. ಯೂಟರ್ನ್ ದೂರ ಅಂತ ಸೈಕಲಿನವರು ರಾಂಗ್ ಸೈಡಿನಲ್ಲಿ ಬರುತ್ತಾರೆ. ನನ್ನ ಶಾಲೆಯ ಮಕ್ಕಳು ಮೂರು ಮೂರು ಜನ ಅಕ್ಕಪಕ್ಕದಲ್ಲಿ ಮಾತಾಡಿಕೊಂಡು ಹೋಗುತ್ತಾರೆ. ಅದನ್ನೂ ಬರೆದುಕೊಳ್ಳಬೇಕು.

ಮಣಿಪಾಲದ ಏರು ಇನ್ನೊಂದು ಪಾಠ. ಇಂದ್ರಾಳಿ ದಾಟಿ ಹತ್ತುವಾಗ ಸೈಕಲ್ ನಡೆಯುವವರ ವೇಗಕ್ಕೆ ಬರುತ್ತದೆ, ಹ್ಯಾಂಡಲ್ ಅಲ್ಲಾಡುತ್ತದೆ. ಅಲ್ಲಿ ಬೇರೆ ಜಾಗ ಬೇಕೇ ಬೇಕು. ಅದೇ ರಸ್ತೆಯಲ್ಲಿ ಇಳಿಯುವಾಗ ಸೈಕಲ್ ಸ್ಕೂಟರಿನ ಜೊತೆಗೇ ಓಡುತ್ತದೆ. ಇಳಿಯುವವನನ್ನು ಅಂಚಿನ ಇಕ್ಕಟ್ಟಿನ ಪಥಕ್ಕೆ ತಳ್ಳಿದರೆ, ಗೇಟಿನಿಂದ ಹೊರಬರುವ ಕಾರು ಅವನನ್ನು ನೋಡುವುದೇ ಇಲ್ಲ. ಎರಡು ಬದಿಗೂ ಒಂದೇ ಅಳತೆ ಸರಿಯಾಗುವುದಿಲ್ಲ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ 11 ಎಂಬ ಕೈಪಿಡಿಯಲ್ಲಿ ಸೈಕಲ್ ಪಥದ ವಿನ್ಯಾಸ ಹೇಗಿರಬೇಕು ಎಂದಿದೆ. ಅದು ಬೇಕು. ಆದರೆ ನಮ್ಮ ಇಂದ್ರಾಳಿಯನ್ನು ನಾವೇ ನೋಡಬೇಕು.

ನೋಡುವುದು ಎಂದರೆ ಸುಮ್ಮನೆ ನಿಂತು ನೋಡುವುದಲ್ಲ. ಅದಕ್ಕೊಂದು ಕ್ರಮ ಇದೆ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಕ್ರಿಸ್ಟರ್ ಹೀಡೆನ್ ಮತ್ತು ಜೊತೆಗಾರರು ದಶಕಗಳ ಹಿಂದೆಯೇ ಅದನ್ನು ಬೆಳೆಸಿದರು. ಅಪಘಾತ ಆಗುವವರೆಗೆ ಕಾಯಬೇಡಿ, ಸ್ವಲ್ಪದರಲ್ಲಿ ತಪ್ಪಿದ್ದನ್ನು ಎಣಿಸಿ ಎನ್ನುವುದು ಅವರ ಮಾತಿನ ಸಾರ. ಒಬ್ಬರು ಬ್ರೇಕ್ ಹಾಕಲು ಅಥವಾ ತಿರುಗಿಸಲು ಶುರು ಮಾಡಿದಾಗ ಡಿಕ್ಕಿಗೆ ಇನ್ನೆಷ್ಟು ಹೊತ್ತು ಉಳಿದಿತ್ತು ಎಂದು ಅಳೆಯುತ್ತಾರೆ. ಊರೊಳಗಿನ ರಸ್ತೆಯಲ್ಲಿ ಅದು 1.5 ಸೆಕೆಂಡಿಗಿಂತ ಕಡಿಮೆಯಿದ್ದರೆ ಗಂಭೀರ ಎಂದು ಮೊದಲಿಗೆ ಇಟ್ಟುಕೊಂಡಿದ್ದರು. ಇನ್ನೊಂದು ಅಳತೆ ಇನ್ನೂ ಸುಲಭ. ಒಂದು ಜಾಗದಿಂದ ಸೈಕಲ್ ಹೋದ ಮೇಲೆ ಅದೇ ಜಾಗಕ್ಕೆ ಬಸ್ಸು ಬರಲು ಎಷ್ಟು ಹೊತ್ತಾಯಿತು? ವಿಡಿಯೋ ಇದ್ದರೆ ನನ್ನ ಹತ್ತನೇ ತರಗತಿಯ ಮಕ್ಕಳೂ ಇದನ್ನು ಅಳೆಯುತ್ತಾರೆ. ನನ್ನ ವಿದ್ಯಾರ್ಥಿನಿಯ "ಏನೂ ಆಗ್ಲಿಲ್ಲ" ಆಗ ಒಂದು ಅಂಕಿಯಾಗುತ್ತದೆ.

ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದಲ್ಲಿದ್ದ ಇಯಾನ್ ವಾಕರ್ ಎಂಬ ಮನಶ್ಶಾಸ್ತ್ರಜ್ಞ ತಮ್ಮ ಸೈಕಲಿಗೇ ದೂರ ಅಳೆಯುವ ಸೆನ್ಸರ್ ಕಟ್ಟಿಕೊಂಡು ಓಡಾಡಿದರು. ತಮ್ಮನ್ನು ದಾಟಿದ 2,300ಕ್ಕೂ ಹೆಚ್ಚು ವಾಹನಗಳ ದೂರ ಅಳೆದು 2007ರಲ್ಲಿ ಪ್ರಕಟಿಸಿದರು. ಕಾರುಗಳಿಗಿಂತ ಬಸ್ಸು, ಲಾರಿಗಳು ಹತ್ತಿರದಿಂದ ದಾಟಿದ್ದವು. ಅವರು ಉದ್ದ ಕೂದಲಿನ ವಿಗ್ ಹಾಕಿ ಹಿಂದಿನಿಂದ ಹೆಂಗಸಿನ ಹಾಗೆ ಕಂಡಾಗ ವಾಹನಗಳು ಜಾಸ್ತಿ ಜಾಗ ಬಿಟ್ಟಿದ್ದವು. ಅಂದರೆ ಡ್ರೈವರು ಒಂದೇ ನೋಟದಲ್ಲಿ "ಇವರು ಯಾರು" ಅಂತ ತೀರ್ಮಾನ ಮಾಡಿ ಆಮೇಲೆ ದೂರ ಇಡುತ್ತಾರೆ. ಅದನ್ನು ಓದಿದಾಗ ನನಗೆ ನೆನಪಾದದ್ದು ಲೈಟಿಲ್ಲದ ಸೈಕಲಿನಲ್ಲಿ ಬುತ್ತಿ ಕಟ್ಟಿಕೊಂಡು ಹೋಗುವ ಆ ತರುಣರು. ಅವರಿಗೆ ನಮ್ಮ ರಸ್ತೆಯಲ್ಲಿ ಎಷ್ಟು ದೂರ ಸಿಗುತ್ತದೆ? ಶಾಲೆ ಸಮವಸ್ತ್ರದ ಮಗುವಿಗೆ ಎಷ್ಟು? ಅಳೆಯಬೇಕಾದ ಪ್ರಶ್ನೆ ಇದು. ಬ್ರಿಟನ್ 2022ರಲ್ಲಿ ತನ್ನ ರಸ್ತೆ ನಿಯಮಗಳಲ್ಲಿ, ಗಂಟೆಗೆ 30 ಮೈಲಿವರೆಗಿನ ವೇಗದಲ್ಲಿ ಸೈಕಲನ್ನು ದಾಟುವಾಗ ಕನಿಷ್ಠ 1.5 ಮೀಟರ್ ಬಿಡಿ ಎಂದು ಸೇರಿಸಿತು.

ಬಸ್ ಸ್ಟಾಪಿನ ತೊಂದರೆಗೂ ಬೇರೆಯವರು ದಾರಿ ಹುಡುಕಿದ್ದಾರೆ. ನೆದರ್‌ಲ್ಯಾಂಡ್ಸಿನಲ್ಲಿ ಸೈಕಲ್ ಪಥವನ್ನು ಬಸ್ ಸ್ಟಾಪಿನ ಹಿಂಬದಿಯಿಂದ ಒಯ್ಯುತ್ತಾರೆ. ಬಸ್ಸು, ಸೈಕಲ್ ಅಡ್ಡ ಬರುವುದೇ ಇಲ್ಲ. ಕೋಪನ್‌ಹೇಗನ್‌ನಲ್ಲಿ ಪ್ರಯಾಣಿಕರು ನೇರ ಸೈಕಲ್ ಪಥಕ್ಕೇ ಇಳಿಯುವ ಕಡೆ ಸೈಕಲಿನವರೇ ನಿಂತು ದಾರಿ ಬಿಡಬೇಕು. ಇವು ನಮ್ಮಲ್ಲಿ ನಡೆಯುತ್ತವಾ? ನಮ್ಮ ಬಸ್ಸು ಸ್ಟಾಪಿಗಿಂತ ಹಿಂದೆ ಮುಂದೆ ಎಲ್ಲಿ ಬೇಕಾದರೂ ನಿಲ್ಲುತ್ತದೆ. ಎಲ್ಲೆಲ್ಲಿ ನಿಲ್ಲುತ್ತದೆ ಎಂದು ಮೊದಲು ನಕ್ಷೆಯಲ್ಲಿ ಗುರುತು ಹಾಕೋಣ.

ನನ್ನ ಬೇಡಿಕೆ ದೊಡ್ಡದಲ್ಲ. ಮಲ್ಪೆ ರಸ್ತೆಯ ಒಂದು ಬಸ್ ಸ್ಟಾಪು, ಕರಾವಳಿ ಜಂಕ್ಷನ್, ಕಲ್ಸಂಕ, ಇಂದ್ರಾಳಿ ಏರು. ಈ ನಾಲ್ಕು ಕಡೆ ಎತ್ತರದಲ್ಲಿ ಕ್ಯಾಮೆರಾ ಇಟ್ಟು, ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ, ಒಂದು ವಾರ ಚಿತ್ರೀಕರಿಸಿ. ಮುಖ, ನಂಬರ್ ಪ್ಲೇಟು ಬೇಡ. ಯಾರಿಗೂ ದಂಡ ಹಾಕಲು ಇದನ್ನು ಬಳಸುವುದಿಲ್ಲ ಎಂದು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಎಲ್ಲರೂ ಆ ವಾರ ಮಾತ್ರ ಬೇರೆ ಥರ ಓಡಿಸುತ್ತಾರೆ. ಒಂದೇ ಸಲ ಮಾಡಿದರೆ ಸಾಲದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆಗ ಮಲ್ಪೆ ರಸ್ತೆಯೇ ಬೇರೆ, ಆಗಸ್ಟಿನ ಮೇಲೆ ಬೇರೆ. ಜುಲೈಯಲ್ಲಿ ಮಾತ್ರ ನೋಡಿದ ಎಂಜಿನಿಯರಿಗೆ ನಿಜವಾದ ಮಲ್ಪೆ ರಸ್ತೆ ಸಿಗುವುದೇ ಇಲ್ಲ. ಹಾಗಾಗಿ ನಿಷೇಧದ ಸಮಯದಲ್ಲಿ ಒಂದು ವಾರ, ದೋಣಿಗಳು ಇಳಿದ ಮೇಲೆ ಒಂದು ವಾರ, ಮಳೆ ಬಿಟ್ಟ ಮೇಲೆ ಡಿಸೆಂಬರಿನಲ್ಲಿ ಇನ್ನೊಂದು ವಾರ.

ಮಾಡುವವರು ಇಲ್ಲೇ ಇದ್ದಾರೆ. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಸಾರಿಗೆ ಎಂಜಿನಿಯರಿಂಗ್ ಕಲಿಸುತ್ತಾರೆ. ಮಣಿಪಾಲದಲ್ಲಿ ಎಂಜಿನಿಯರಿಂಗ್ ಕಾಲೇಜಿದೆ. ಒಂದು ಪತ್ರ ನಿಮ್ಮ ಕಚೇರಿಯಿಂದ ಹೋದರೆ ವಿದ್ಯಾರ್ಥಿಗಳಿಗೆ ಅದು ಒಳ್ಳೆಯ ಪ್ರಾಜೆಕ್ಟು. ಕ್ಯಾಮೆರಾಗೆ ಕಾಣದ್ದನ್ನು ಕೇಳಿ ತಿಳಿಯಬೇಕು. ಡ್ರೈವರು, ಕಂಡಕ್ಟರು, ರಿಕ್ಷಾ ಸ್ಟ್ಯಾಂಡಿನವರು, ಮೀನು ಮಾರುವ ಅಕ್ಕಂದಿರು, ಎಲ್ಲರನ್ನೂ ಕೂರಿಸಿ ಕೇಳಿ. ಸೈಕಲ್ ಬಿಟ್ಟವರನ್ನು ಮರೆಯದೆ ಕೇಳಿ. ರಸ್ತೆಯಲ್ಲಿ ಇಲ್ಲದವರು ಯಾವ ವಿಡಿಯೋದಲ್ಲೂ ಸಿಗುವುದಿಲ್ಲ. ಅವರು ಸಿಗುವುದು ನಮ್ಮಂಥ ಶಾಲೆಗಳಲ್ಲಿ. ಆ ಪಟ್ಟಿ ಮಾಡಿಕೊಡುವ ಕೆಲಸ ನನಗೆ ಬಿಡಿ.

ಕ್ಯಾಮೆರಾ ಇಡುವ ಮೊದಲು ಒಂದು ಸಲ ನೀವೇ ಬನ್ನಿ ಸರ್. ಶಾಲೆ ಇರುವ ಯಾವ ದಿನವಾದರೂ ಆಗುತ್ತದೆ. ಬೆಳಿಗ್ಗೆ ಏಳೂವರೆಗೆ ಕಲ್ಮಾಡಿಯಿಂದ ಹೊರಟರೆ ಎಂಟಕ್ಕೆ ಪೇಟೆ ಮುಟ್ಟುತ್ತೇವೆ. ಸೈಕಲ್ ನಾನು ತಂದಿರುತ್ತೇನೆ. ನೀವು ಮುಂದೆ ಹೋಗಿ, ನಾನು ಹಿಂದಿನಿಂದ ಬರುತ್ತೇನೆ.

ಇತಿ,
ಕಲ್ಮಾಡಿಯ ಒಬ್ಬ ವಿಜ್ಞಾನ ಮೇಷ್ಟ್ರು