ಸೈಕಲ್ ಪಥದ ಮೇಲಿನ ಕಾರು ಎತ್ತಿಸಿ: ಶಿವಮೊಗ್ಗ ನಗರದ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ಪತ್ರವನ್ನು ನಿಮ್ಮ ಆಪ್ತ ಸಹಾಯಕರು ಕೊನೆಯವರೆಗೆ ಓದುತ್ತಾರೋ ಇಲ್ಲವೋ ತಿಳಿಯದು. ಆದ್ದರಿಂದ ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ನಗರದ ಸೈಕಲ್ ಪಥಗಳ ಮೇಲೆ ನಿಲ್ಲಿಸಿರುವ ಕಾರುಗಳನ್ನು ಎತ್ತಿಸಿ. ಇಷ್ಟೇ. ಹೊಸ ಪಥ ಬೇಡ, ಹೊಸ ಯೋಜನೆ ಬೇಡ, ಶಂಕುಸ್ಥಾಪನೆಯ ಕಲ್ಲಂತೂ ಬೇಡವೇ ಬೇಡ. ಇರುವುದನ್ನು ಖಾಲಿ ಮಾಡಿಸಿಕೊಡಿ.

ನಾನು ವಿದ್ಯಾನಗರದವಳು. ಸಾಗರ ರಸ್ತೆಯ ಕಡೆ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಬೆಳಿಗ್ಗೆ ಸೈಕಲ್ಲಿನಲ್ಲಿ ತುಂಗೆಯ ಸೇತುವೆ ದಾಟಿ, ಬೆಕ್ಕಿನ ಕಲ್ಮಠ ಕಳೆದು, ಅಮೀರ್ ಅಹಮದ್ ವೃತ್ತ, ಅಶೋಕ ವೃತ್ತಗಳ ಗದ್ದಲದಲ್ಲಿ ತೂರಿಕೊಂಡು ಹೋಗಬೇಕು. ದಿನವಿಡೀ ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಬಗೆಬಗೆಯ ಅಡಿಕೆ ಚೀಲಗಳ ಲೆಕ್ಕ ಬರೆದು ಸಂಜೆ ಹಾಗೆಯೇ ವಾಪಸು ಬರಬೇಕು. ಆರೋಗ್ಯಕ್ಕೆ ಒಳ್ಳೆಯದು, ಪರಿಸರಕ್ಕೆ ಒಳ್ಳೆಯದು ಎಂದು ಹೊಗಳುವವರಿದ್ದಾರೆ. ಅವರಿಗೆ ನಾನು ಹೇಳುವುದಿಷ್ಟೇ: ಸ್ಕೂಟರಿಗೆಂದು ಕೂಡಿಟ್ಟ ಹಣ ಮಗಳ ಕಾಲೇಜಿಗೆ ಹೋಯಿತು.

2016ರಲ್ಲಿ ಶಿವಮೊಗ್ಗ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದಾಗ ಊರೆಲ್ಲ ಹಿಗ್ಗಿತ್ತು. ಆಮೇಲೆ ವರ್ಷಗಟ್ಟಲೆ ರಸ್ತೆ ಅಗೆದರು. ಬೇಸಿಗೆಯಲ್ಲಿ ಧೂಳು ಕುಡಿದೆವು, ಮಳೆಗಾಲದಲ್ಲಿ ಕೆಸರು ತುಳಿದೆವು, ಯಾರೂ ದೊಡ್ಡ ಗಲಾಟೆ ಮಾಡಲಿಲ್ಲ. ನನ್ನ ದಾರಿಯ ಒಂದು ರಸ್ತೆಯ ಅಂಚಿನಲ್ಲಿ ಗೆರೆ ಎಳೆದು, ನೆಲದ ಮೇಲೆ ಸೈಕಲ್ ಚಿತ್ರ ಬರೆದಾಗ ನನಗೆ ನಿಜಕ್ಕೂ ಸಂತೋಷವಾಗಿತ್ತು. ಬಣ್ಣ ಒಣಗಲೆಂದು ಇಟ್ಟಿದ್ದ ಅಡ್ಡಪಟ್ಟಿ ತೆಗೆದದ್ದೇ ತಡ, ಕಾರುಗಳು ಬಂದು ಜಗಲಿಯ ಮೇಲೆ ಕೂತ ನೆಂಟರ ಹಾಗೆ ನೆಲೆಯೂರಿದವು.

ಯಾವ ರಸ್ತೆ ಎಂದು ಬೇಕೆಂತಲೇ ಬರೆಯುತ್ತಿಲ್ಲ. ಬರೆದರೆ ನಾಳೆ ಆ ಒಂದು ರಸ್ತೆಯಲ್ಲಿ ಎರಡು ಕಾರು ಎತ್ತಿ, ಫೋಟೊ ತೆಗೆದು, ಕಡತ ಮುಚ್ಚುತ್ತಾರೆ.

ಪಥದ ಮೇಲೆ ಕಾರು ಮಾತ್ರ ಇಲ್ಲ ಎಂಬುದೂ ಗೊತ್ತು. ಮನೆ ಕಟ್ಟುವವರ ಜಲ್ಲಿ ರಾಶಿ ಇದೆ, ಎದ್ದು ನಿಂತ ಚರಂಡಿ ಚಪ್ಪಡಿ ಇದೆ. ಹುಟ್ಟುಹಬ್ಬದ ಶುಭಾಶಯ ಹೊತ್ತ ಫ್ಲೆಕ್ಸ್‌ನ ಕಾಲುಗಳಿವೆ. ಯಾವ ಪಕ್ಷದ್ದೆಂದು ಹೇಳುವುದಿಲ್ಲ, ಈ ವಿಷಯದಲ್ಲಿ ಎಲ್ಲ ಪಕ್ಷಗಳಿಗೂ ಒಮ್ಮತವಿದೆ. ಎದುರು ದಿಕ್ಕಿನಿಂದ ಪಥದೊಳಗೇ ನುಗ್ಗಿ ಬರುವ ಬೈಕಿನವರು ಹಾರ್ನ್ ಹೊಡೆಯುವುದೂ ನನಗೇ. ಎಳನೀರು ಗಾಡಿಯವರ ಮೇಲೆ ಮಾತ್ರ ನನಗೆ ಕೋಪವಿಲ್ಲ. ‘ಸ್ವಲ್ಪ ಸರಿಸಣ್ಣ’ ಎಂದರೆ ಸರಿಸುತ್ತಾರೆ. ಬೀಗ ಹಾಕಿ ಹೋದ ಕಾರಿಗೆ ಯಾರನ್ನು ಅಣ್ಣ ಎನ್ನಲಿ? ಒಳಗೆ ಯಾರಾದರೂ ಕೂತಿದ್ದರೂ ಸಿಗುವ ಉತ್ತರ ಒಂದೇ: ‘ಐದೇ ನಿಮಿಷ’. ಅಡಿಕೆಗೆ ಒಳ್ಳೆಯ ದರ ಬಂದ ವರ್ಷವೆಲ್ಲ ಪೇಟೆಗೆ ಹೊಸ ಕಾರುಗಳು ಇಳಿಯುತ್ತವೆ. ಇಳಿಯಲಿ, ಬೆಳೆದವರ ಶ್ರಮ ಅದು, ನನಗೆ ಸಂಬಳ ಬರುವುದೂ ಅದರಿಂದಲೇ. ಆದರೆ ಅವುಗಳನ್ನು ನಿಲ್ಲಿಸಲು ನನ್ನ ದಾರಿಯೇ ಏಕೆ ಬೇಕು?

ಈ ಪತ್ರ ಬರೆಯುವಂತೆ ಮಾಡಿದ್ದು ಕಳೆದ ಮಳೆಗಾಲದ ಒಂದು ಬೆಳಿಗ್ಗೆ. ಪುನರ್ವಸು ಮಳೆ ಹಿಡಿದು ಹೊಡೆಯುತ್ತಿತ್ತು. ಪಥದ ಉದ್ದಕ್ಕೂ ಸಾಲು ಕಾರು. ಬೇರೆ ದಾರಿಯಿಲ್ಲದೆ ರಸ್ತೆಗಿಳಿದು ಅವುಗಳ ಮಗ್ಗುಲಲ್ಲೇ ಹೋಗುತ್ತಿದ್ದೆ. ದೊಡ್ಡದೊಂದು ಬಿಳಿ ಕಾರಿನ ಬಾಗಿಲು ತಟ್ಟನೆ ತೆರೆಯಿತು. ಹ್ಯಾಂಡಲ್ ಬಾಗಿಲಿಗೆ ಬಡಿದು ನಾನು ನಡುರಸ್ತೆಗೆ ಬಿದ್ದೆ. ಹಿಂದೆ ಸಿಟಿ ಬಸ್ ಬರುತ್ತಿತ್ತು. ಅದರ ಚಾಲಕ ಸಮಯಕ್ಕೆ ಬ್ರೇಕ್ ಒತ್ತದಿದ್ದರೆ ನಿಮಗೆ ಈ ಪತ್ರದ ಕಾಟ ಇರುತ್ತಿರಲಿಲ್ಲ. ಊಟದ ಡಬ್ಬಿ ಉರುಳಿಕೊಂಡು ಚರಂಡಿ ಸೇರಿತು. ಮೊಣಕೈ ಸುಲಿದು ರಕ್ತ ಮಳೆನೀರಿನಲ್ಲಿ ಹರಿಯುತ್ತಿತ್ತು.

ಕಾರಿನಿಂದ ಇಳಿದವರು ಮೊದಲು ನೋಡಿದ್ದು ಬಾಗಿಲನ್ನು. ಗೀರು ಬಿದ್ದ ಜಾಗವನ್ನು ಬೆರಳಿನಿಂದ ಸವರಿ, ‘ಇದರ ದುಡ್ಡು ಯಾರಮ್ಮ ಕೊಡುತ್ತಾರೆ?’ ಎಂದರು. ನಾನು ಎದ್ದು ಕೂತು ನೆಲದ ಮೇಲಿನ ಸೈಕಲ್ ಚಿತ್ರ ತೋರಿಸಿದೆ. ಅದು ಅವರ ಮುಂದಿನ ಚಕ್ರದ ಅಡಿಯಿಂದ ಅರ್ಧ ಇಣುಕುತ್ತಿತ್ತು. ‘ಅದೆಲ್ಲ ಶೋಕಿಗೆ ಬರೆದದ್ದು. ಈ ಊರಲ್ಲಿ ಈಗ ಯಾರು ಸೈಕಲ್ ಹೊಡೆಯುತ್ತಾರೆ?’ ಎಂದು ಕೇಳಿದರು. ಹೊಡೆಯುವವಳು ಅವರ ಕಾಲಬುಡದಲ್ಲೇ ಕೂತಿದ್ದಳು.

ಅಷ್ಟಕ್ಕೇ ಮುಗಿಯಲಿಲ್ಲ. ಸಮವಸ್ತ್ರದಲ್ಲಿದ್ದ ಒಬ್ಬರು ಬಂದರು. ಇನ್ನು ನ್ಯಾಯ ಸಿಕ್ಕಿತು ಎಂದುಕೊಂಡೆ. ಅವರು ಕಾರಿನವರಿಗೆ ‘ಹೋಗಲಿ ಬಿಡಿ ಸಾರ್, ಪಾಪ ಹೆಂಗಸು’ ಎಂದು ಸಮಾಧಾನ ಹೇಳಿದರು. ನನ್ನ ಕಡೆ ತಿರುಗಿ, ‘ಈ ಮಳೆಯಲ್ಲಿ ಸೈಕಲ್ ಯಾಕಮ್ಮ, ಹೆಂಗಸರಿಗೆ ಬಸ್ ಉಚಿತವಲ್ಲವೇ?’ ಎಂದರು. ನಾನು ಹತ್ತಬೇಕಾದ ಸಿಟಿ ಬಸ್ ಖಾಸಗಿಯವರದು, ಅದಕ್ಕೆ ಶಕ್ತಿ ಯೋಜನೆ ಇಲ್ಲ ಎಂದು ನಡುರಸ್ತೆಯಲ್ಲಿ ರಕ್ತ ಒರೆಸಿಕೊಳ್ಳುತ್ತ ವಿವರಿಸುವ ಚೈತನ್ಯ ನನ್ನಲ್ಲಿರಲಿಲ್ಲ. ಒಟ್ಟಿನಲ್ಲಿ ಅಂದು ಕ್ಷಮೆ ಸಿಕ್ಕಿದ್ದು ನನಗೆ. ನಾನು ಏನು ತಪ್ಪು ಮಾಡಿದ್ದೆ ಎಂಬುದಷ್ಟೇ ಇನ್ನೂ ಗೊತ್ತಾಗಿಲ್ಲ. ಕಾರು ಸಂಜೆ ನಾನು ವಾಪಸಾಗುವಾಗಲೂ ಅಲ್ಲಿಯೇ ಇತ್ತು. ಅದರ ಗಾಜಿನ ಹಿಂದೆ ಸರ್ಕಾರದ ಹೆಸರಿನ ಫಲಕವೂ ಇತ್ತು. ಬರೆಯಲೋ ಬೇಡವೋ ಎಂದು ಬಹಳ ಯೋಚಿಸಿಯೇ ಇದನ್ನು ಬರೆದಿದ್ದೇನೆ.

ನಿಯಮ ನಿಮಗೆ ಹೇಳಿಕೊಡುವಷ್ಟು ದೊಡ್ಡವಳಲ್ಲ. ಸೈಕಲ್ ಪಥದ ಮೇಲೆ ಗಾಡಿ ನಿಲ್ಲಿಸಬಾರದೆಂದು 2017ರ ವಾಹನ ಚಾಲನಾ ನಿಯಮಗಳಲ್ಲಿದೆ. ನಿಷೇಧಿತ ಜಾಗದಲ್ಲಿ ನಿಂತ ಗಾಡಿಯನ್ನು ಎಳೆದೊಯ್ಯಿಸಲು 1988ರ ಮೋಟಾರು ವಾಹನ ಕಾಯ್ದೆಯ 127ನೇ ಸೆಕ್ಷನ್ ಪೊಲೀಸರಿಗೆ ಅಧಿಕಾರ ಕೊಟ್ಟಿದೆ, ಎಳೆದ ಖರ್ಚನ್ನು ಮಾಲೀಕರ ತಲೆಗೇ ಕಟ್ಟಿದೆ. ವಿಧಾನಸಭೆಯಲ್ಲಿ ಕೂರುವವರಿಗೆ ಇದು ತಿಳಿಯದ್ದೇನಲ್ಲ. ಎಲ್ಲರಿಗೂ ತಿಳಿದಿದೆ, ಕಾರೂ ಅಲ್ಲಿಯೇ ಇದೆ. ಎತ್ತಿಸಿ ಸ್ವಾಮಿ.

ಅರ್ಜಿ ಕೊಡಬಹುದಿತ್ತಲ್ಲ ಎನ್ನಬೇಡಿ, ಕೊಟ್ಟಿದ್ದೇನೆ. ಒಂದು ಕಚೇರಿಯಲ್ಲಿ ‘ಪಥ ನಮ್ಮದು, ಕಾರು ನಮ್ಮದಲ್ಲ’ ಎಂದರು. ಇನ್ನೊಂದರಲ್ಲಿ ‘ಕಾರು ನಮಗೆ ಬರುತ್ತದೆ, ಆದರೆ ಅಲ್ಲಿ ಫಲಕವಿಲ್ಲ, ಫಲಕ ಹಾಕಬೇಕಾದವರು ಅವರು’ ಎಂದು ಮೊದಲಿನ ಕಚೇರಿಯ ದಾರಿಯನ್ನೇ ತೋರಿಸಿದರು. ಅಲ್ಲಿಗೆ ಮತ್ತೆ ಹೋದರೆ ‘ಯೋಜನೆಯೇ ಮುಗಿದುಹೋಯಿತಲ್ಲಮ್ಮ’ ಎಂದರು. ಸ್ಮಾರ್ಟ್ ಸಿಟಿ ಮಿಷನ್ 2025ರ ಮಾರ್ಚ್ 31ಕ್ಕೆ ಮುಗಿದದ್ದು ನಿಜ. ಅದರೊಂದಿಗೆ ರಸ್ತೆಯೂ ಮುಗಿಯಿತೇ? ವಾರ್ಡಿನ ಸದಸ್ಯರನ್ನು ಹಿಡಿಯೋಣವೆಂದರೆ ಪಾಲಿಕೆ ಸದಸ್ಯರ ಅವಧಿ 2023ರ ನವೆಂಬರಿನಲ್ಲೇ ತೀರಿದೆ. ಕಾರು ಎತ್ತಿಸುವುದು ಶಾಸಕರ ಕೆಲಸವಲ್ಲ ಎಂದು ಮಂಡಿಯಲ್ಲಿ ಗೆಳತಿಯರು ನಕ್ಕರು. ಇರಬಹುದು. ಆದರೆ ಮದುವೆ ಮಂಟಪದ ಎದುರು ನಿಮ್ಮ ಗಾಡಿ ಬರುವ ಹೊತ್ತಿಗೆ ಇಡೀ ರಸ್ತೆ ಹೇಗೆ ಖಾಲಿಯಾಗುತ್ತದೆ ಎಂಬುದನ್ನು ನಾವೂ ನೋಡಿದ್ದೇವೆ. ಅದರಲ್ಲಿ ಒಂದು ಪಾಲು ಶ್ರದ್ಧೆ ಸಾಕು.

ಆಗದ ಕೆಲಸವೇನೂ ಅಲ್ಲ. ಸೋಗಾನೆಯಲ್ಲಿ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ವಿಮಾನ ನಿಲ್ದಾಣಕ್ಕೆ 3,200 ಮೀಟರ್ ಉದ್ದದ ರನ್‌ವೇ ಇದೆ. ಅದರ ಮೇಲೆ ‘ಐದೇ ನಿಮಿಷ’ ಎಂದು ಕಾರು ನಿಲ್ಲಿಸಿ ಬ್ರೆಡ್ ತರಲು ಹೋದವರನ್ನು ನಾನಂತೂ ಕಂಡಿಲ್ಲ.

ಇನ್ನು ‘ಯಾರು ಸೈಕಲ್ ಹೊಡೆಯುತ್ತಾರೆ’ ಎಂಬ ಪ್ರಶ್ನೆ. ಪೇಪರ್ ಹಾಕುವ ಹುಡುಗರು, ಕಟ್ಟಡ ಕೆಲಸದವರು, ಟ್ಯೂಷನ್‌ಗೆ ಹೋಗುವ ಮಕ್ಕಳು, ನನ್ನಂಥವರು. ಈ ಜಿಲ್ಲೆಗೆ ಸೈಕಲ್ ಹೊಸದಲ್ಲ. ಹೆಣ್ಣುಮಕ್ಕಳು ಶಾಲೆ ಬಿಡಬಾರದೆಂದು ಉಚಿತ ಸೈಕಲ್ ಕೊಡುವ ಯೋಜನೆ 2006ರಲ್ಲಿ ಬಂದಾಗ ಹಣಕಾಸು ಖಾತೆ ಇದ್ದದ್ದು ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪನವರ ಕೈಯಲ್ಲಿ. ಎಂಟನೇ ತರಗತಿಯಲ್ಲಿ ನನ್ನ ಮಗಳಿಗೆ ಸಿಕ್ಕ ಆ ಸೈಕಲನ್ನೇ ನಾನು ಇಂದು ಓಡಿಸುತ್ತಿರುವುದು. ಅಂದು ಬಾಗಿಲಿಗೆ ಬಡಿದು ಹ್ಯಾಂಡಲ್ ಸೊಟ್ಟಗಾದದ್ದೂ ಅದರದೇ. ಸರ್ಕಾರ ಕೊಟ್ಟ ಸೈಕಲ್ಲು, ಸರ್ಕಾರ ಎಳೆದ ಗೆರೆ, ಸರ್ಕಾರದ ಫಲಕ ಹೊತ್ತ ಕಾರು. ಇವುಗಳಲ್ಲಿ ಯಾವುದು ಯಾವುದಕ್ಕೆ ದಾರಿ ಬಿಡಬೇಕೆಂದು ನೀವೇ ತೀರ್ಮಾನಿಸಿ.

ಒಂದು ವಿಷಯದಲ್ಲಿ ಮಾತ್ರ ಕೈಮುಗಿದು ಬೇಡುತ್ತೇನೆ. ಈ ಪತ್ರಕ್ಕೆ ಉತ್ತರವಾಗಿ ಸೈಕಲ್ ಜಾಥಾ ಮಾಡಬೇಡಿ. ಜೂನ್ 3ರ ವಿಶ್ವ ಸೈಕಲ್ ದಿನಕ್ಕೆ ಟೋಪಿ, ಟಿ-ಶರ್ಟ್ ಹಂಚಿ, ಬಾವುಟ ಬೀಸಿ, ಮುಗಿದ ಮೇಲೆ ಉಪ್ಪಿಟ್ಟು ಕೇಸರಿಬಾತ್ ಕೊಡುವುದು ಬೇಡ. ಬರುವ ಗಣ್ಯರ ಕಾರುಗಳನ್ನು ಎಲ್ಲಿ ನಿಲ್ಲಿಸುತ್ತಾರೆಂದು ನನಗೆ ಚೆನ್ನಾಗಿ ಗೊತ್ತು.

ಕಾರು ಎತ್ತಿಸಿ. ಪಥದ ಅಂಚಿಗೆ ಕಾರು ಹತ್ತದ ಹಾಗೆ ಗಟ್ಟಿ ಗೂಟ ನೆಡಿಸಿ. ಸರ್ಕಾರಿ ಫಲಕದ ಗಾಡಿಗಳಿಂದಲೇ ಶುರುವಾಗಲಿ, ಆಗ ಉಳಿದವರು ಹೇಳಿಸಿಕೊಳ್ಳದೆ ತೆಗೆಯುತ್ತಾರೆ. ಮುಂದಿನ ಮುಂಗಾರು ಹಿಡಿಯುವುದರೊಳಗೆ ಆಗಬೇಕು. ನನಗೆ ಉತ್ತರ ಬರೆಯುವ ಶ್ರಮ ಬೇಡ, ಸನ್ಮಾನ್ಯರ ಸಹಿಯ ಹಿಂಬರಹವೂ ಬೇಡ. ಕೆಲಸ ಆಗಿದೆಯೋ ಇಲ್ಲವೋ ಎಂಬುದು ನನಗೆ ಬೆಳಿಗ್ಗೆ ಒಂಬತ್ತಕ್ಕೆ ಮಂಡಿಗೆ ಹೋಗುವಾಗಲೇ ತಿಳಿಯುತ್ತದೆ.

ಇಂತಿ,
ವಿದ್ಯಾನಗರದ ಒಬ್ಬ ಮತದಾರಳು