ತಿದ್ದುವವರು ಮೊದಲು ಒಬ್ಬರೇ ಹೋಗಲಿ

ಮಾನ್ಯ ಸಂಪಾದಕರೇ,

ಕೆಲವು ವರ್ಷಗಳ ಹಿಂದೆ ಒಂದು ಪ್ರಾರ್ಥನಾ ಕೂಟದಲ್ಲಿ ನಡೆದದ್ದನ್ನು ನಾನು ಇನ್ನೂ ಮರೆತಿಲ್ಲ. ಪ್ರಾರ್ಥನೆಯ ವಿಷಯಗಳನ್ನು ಹೇಳುತ್ತಿದ್ದ ಹಿರಿಯರೊಬ್ಬರು ಹಿಂದಿನ ಸಾಲಿನಲ್ಲಿದ್ದ ಯುವಕನ ಹೆಸರೆತ್ತಿ, ಅವನು ಕುಡಿತ ಬಿಡುವಂತೆ ಎಲ್ಲರೂ ಭಾರದಿಂದ ಪ್ರಾರ್ಥಿಸಬೇಕೆಂದರು. ಅಲ್ಲಿದ್ದ ಬಹುತೇಕರಿಗೆ ಆ ಸಂಗತಿ ಗೊತ್ತಾದದ್ದೇ ಆಗ. ಅವನು ತಲೆ ಎತ್ತಲಿಲ್ಲ. ತೊಡೆಯ ಮೇಲಿದ್ದ ಬೈಬಲಿನ ಒಂದೇ ಹಾಳೆಯ ಅಂಚನ್ನು ಮಡಿಸುತ್ತ, ಬಿಡಿಸುತ್ತ ಕೂಟ ಮುಗಿಯುವವರೆಗೂ ಕುಳಿತಿದ್ದ. ಮುಂದಿನ ವಾರದಿಂದ ಅವನು ಬರಲಿಲ್ಲ. ಪಕ್ಕದಲ್ಲೇ ಇದ್ದ ನಾನು ಆಗಲೂ ಒಂದು ಮಾತಾಡಲಿಲ್ಲ, ಆಮೇಲೂ ಅವನನ್ನು ಹುಡುಕಿಕೊಂಡು ಹೋಗಲಿಲ್ಲ. ಆ ತಪ್ಪು ನನ್ನದು.

ಹಿರಿಯರ ಉದ್ದೇಶ ಕೆಟ್ಟದ್ದಾಗಿತ್ತೆಂದು ನಾನು ಹೇಳಲಾರೆ. ಆದರೆ ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸು ಸ್ವಾಮಿ ಕಲಿಸಿದ ಕ್ರಮವೇ ಬೇರೆ. ತಪ್ಪು ಮಾಡಿದ ಸಹೋದರನ ಬಳಿಗೆ ಮೊದಲು ಒಬ್ಬನೇ ಹೋಗಿ, ಇಬ್ಬರೇ ಇರುವಾಗ ತಿಳಿಸಬೇಕು. ಕೇಳದಿದ್ದರೆ ಇನ್ನೊಬ್ಬರನ್ನೋ ಇಬ್ಬರನ್ನೋ ಕರೆದುಕೊಂಡು ಹೋಗಬೇಕು. ಸಭೆಗೆ ಹೇಳುವುದು ಅದೂ ಆದ ಮೇಲೆ. ನಾವಾದರೋ ಕೊನೆಯದರಿಂದಲೇ ಶುರುಮಾಡಿ, ಅದಕ್ಕೆ ಪ್ರಾರ್ಥನೆಯ ಹೆಸರನ್ನೂ ಕೊಡುತ್ತೇವೆ.

ತಪ್ಪಿನಲ್ಲಿ ಸಿಕ್ಕಿಬಿದ್ದವನನ್ನು ಶಾಂತಭಾವದಿಂದ ಸರಿಮಾಡಬೇಕೆಂದು ಅಪೊಸ್ತಲ ಪೌಲನು ಗಲಾತ್ಯದ ಸಭೆಗಳಿಗೆ ಪತ್ರ ಬರೆಯುವಾಗ (6:1) ಬಳಸಿದ ಗ್ರೀಕ್ ಕ್ರಿಯಾಪದವೇ, ಜೆಬೆದಾಯನ ಮಕ್ಕಳು ದೋಣಿಯಲ್ಲಿ ಬಲೆಗಳನ್ನು ಸರಿಮಾಡುತ್ತಿದ್ದರೆಂದು ಮಾರ್ಕನು ಹೇಳುವಲ್ಲಿಯೂ (1:19) ಇದೆ. ಹರಿದ ಬಲೆಯನ್ನು ಎಳೆದಾಡಿದರೆ ಹರಿದದ್ದು ಇನ್ನಷ್ಟು ದೊಡ್ಡದಾಗುತ್ತದೆ. ಅದನ್ನು ಮಡಿಲಲ್ಲಿ ಹರಡಿಕೊಂಡು, ಎಲ್ಲಿ ಎಳೆ ಕಡಿದಿದೆಯೆಂದು ಬೆರಳಿನಿಂದ ಹುಡುಕಿ, ಒಂದೊಂದೇ ಕಣ್ಣನ್ನು ಮತ್ತೆ ಹೆಣೆಯಬೇಕು. ಅದೇ ವಾಕ್ಯದಲ್ಲಿ ಪೌಲನು, ತಿದ್ದಲು ಹೋದವನು ತಾನೂ ಶೋಧನೆಗೆ, ಅಂದರೆ ಪಾಪದ ಸೆಳೆತಕ್ಕೆ, ಬೀಳದಂತೆ ತನ್ನ ಮೇಲೆ ಕಣ್ಣಿಡಬೇಕೆಂದು ಎಚ್ಚರಿಸುತ್ತಾನೆ. ಈ ಎಚ್ಚರಿಕೆಯನ್ನು ನಾವು ಓದಿದಷ್ಟೇ ಬೇಗ ಮರೆಯುತ್ತೇವೆ.

ಎಫೆಸದ ಸಭಾಮಂದಿರದಲ್ಲಿ ಅಪೊಲ್ಲೋಸನೆಂಬ ಬೋಧಕನು ಧೈರ್ಯದಿಂದ ಮಾತಾಡುತ್ತಿದ್ದಾಗ ಅವನಿಗೆ ಗೊತ್ತಿದ್ದದ್ದು ಯೋಹಾನನ ದೀಕ್ಷಾಸ್ನಾನ ಮಾತ್ರ; ಅವನ ತಿಳಿವಳಿಕೆ ಇನ್ನೂ ಪೂರ್ಣವಾಗಿರಲಿಲ್ಲ. ಅವನ ಮಾತು ಕೇಳಿದ ವಿಶ್ವಾಸಿ ದಂಪತಿ ಪ್ರಿಸ್ಕಿಲ್ಲ ಮತ್ತು ಅಕ್ವಿಲ ಎದ್ದುನಿಂತು ಅವನನ್ನು ಎಲ್ಲರೆದುರು ತಡೆಯಲಿಲ್ಲ. ತಮ್ಮ ಬಳಿಗೆ ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ಚೆನ್ನಾಗಿ ವಿವರಿಸಿದರು. ಮುಂದೆ ಅವನು ಅಖಾಯದ ವಿಶ್ವಾಸಿಗಳಿಗೆ ಬಹಳ ನೆರವಾದನು.

ಇಷ್ಟು ಮೆತ್ತಗಾದರೆ ಪಾಪವನ್ನು ಪಾಪವೆನ್ನುವವರು ಯಾರು ಎಂದು ಕೇಳುವವರಿದ್ದಾರೆ. ಪ್ರವಾದಿ ನಾತಾನನು, ಇನ್ನೊಬ್ಬನ ಹೆಂಡತಿಯನ್ನು ತನ್ನವಳನ್ನಾಗಿ ಮಾಡಿಕೊಂಡ ಅರಸ ದಾವೀದನ ಪಾಪವನ್ನು ಸ್ವಲ್ಪವೂ ಮರೆಮಾಚಲಿಲ್ಲ, ಆದರೆ ಬಡವನ ಒಂದೇ ಹೆಣ್ಣು ಕುರಿಮರಿಯನ್ನು ಐಶ್ವರ್ಯವಂತನೊಬ್ಬ ಕಿತ್ತುಕೊಂಡ ಕಥೆ ಹೇಳಿ, ಅರಸನ ಬಾಯಿಂದಲೇ ತೀರ್ಪು ಬಂದ ಮೇಲೆ ಆ ಮನುಷ್ಯನು ನೀನೇ ಎಂದನು. ಇನ್ನೊಂದು ಮಾತನ್ನೂ ಹೇಳಲೇಬೇಕು: ಒಬ್ಬನ ತಪ್ಪಿನಿಂದ ಮಗುವಿಗೋ ಹೆಂಗಸಿಗೋ ಹಿಂಸೆಯಾಗುತ್ತಿದ್ದರೆ ಅದನ್ನು ಗುಟ್ಟಾಗಿಡುವುದು ಸಾತ್ವಿಕತೆಯಲ್ಲ, ಅಲ್ಲಿ ಮೊದಲು ನೊಂದವರನ್ನು ಕಾಪಾಡಿ, ಕಾನೂನಿಗೆ ತಿಳಿಸಬೇಕು.

ಉಳಿದ ಸಂದರ್ಭಗಳಲ್ಲಿ, ಯಾರದೇ ಹೆಸರನ್ನು ಪ್ರಾರ್ಥನೆಯ ವಿಷಯವಾಗಿ ಹೇಳುವ ಮೊದಲು ಅವರ ಬಳಿ ಕುಳಿತು ಮಾತಾಡಿ, ಅವರ ಒಪ್ಪಿಗೆ ಪಡೆಯುವ ರೂಢಿಯನ್ನು ತರಬೇಕೆಂದು ಕೂಟಗಳನ್ನು ನಡೆಸುವ ಸಭಾಪಾಲಕರಲ್ಲಿಯೂ ಹಿರಿಯರಲ್ಲಿಯೂ ಕೇಳಿಕೊಳ್ಳುತ್ತೇನೆ.

ಇಂತಿ,
ಸಭೆಯೊಂದರ ಸದಸ್ಯ