ಕೈ ಊರದೆ ಏಳೋಣ, ಗೆಳೆಯಾ

ಪ್ರೀತಿಯ ಗೆಳೆಯಾ,

ಹೋದ ವಾರ ಮಾತು ಮುಗಿಸಿ ಏಳುವಾಗ ನೀನು ಎರಡೂ ಕೈಯನ್ನು ಕುರ್ಚಿಯ ಮೇಲೆ ಊರಿದೆ. ಒಮ್ಮೆ ಎದ್ದಂತೆ ಮಾಡಿ ಮತ್ತೆ ಕೂತೆ. ಎರಡನೇ ಸಲ ಎದ್ದೆ. "ವಯಸ್ಸಾಯ್ತಲ್ಲ" ಅಂದೆ. ನಾನು ಆಗ ಏನೂ ಹೇಳಲಿಲ್ಲ. ಆದರೆ ಅವತ್ತಿನಿಂದ ಅದೇ ಕಣ್ಣ ಮುಂದೆ ಬರುತ್ತಿದೆ. ನಮಗಿನ್ನೂ 62 ಕಣೋ.

ವಯಸ್ಸಿನ ಪಾಲು ಇಲ್ಲ ಅನ್ನುವುದಿಲ್ಲ. 30 ದಾಟಿದ ಮೇಲೆ ಹತ್ತು ವರ್ಷಕ್ಕೆ ಸುಮಾರು ಶೇ 3ರಿಂದ 8ರಷ್ಟು ಸ್ನಾಯು ಕರಗುತ್ತದೆ. 60ರ ನಂತರ ಅದು ಇನ್ನೂ ಜಾಸ್ತಿ. ಬಲ ಅಂತೂ ಅದಕ್ಕಿಂತ ಬೇಗ ಇಳಿಯುತ್ತದೆ. ಬೆನ್ನುಹುರಿಯಿಂದ ಸ್ನಾಯುವಿಗೆ ಅಪ್ಪಣೆ ಕೊಡುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಅವುಗಳನ್ನು ನಂಬಿಕೊಂಡಿದ್ದ ಸ್ನಾಯುವಿನ ಎಳೆಗಳಲ್ಲಿ ಕೆಲವನ್ನು ಪಕ್ಕದ ನರ ಸೇರಿಸಿಕೊಳ್ಳುತ್ತದೆ. ಉಳಿದವು ಸೊರಗಿ ಹೋಗುತ್ತವೆ. ಹೆಚ್ಚು ಪೆಟ್ಟು ಬೀಳುವುದು ಚುರುಕಾಗಿ ಕೆಲಸ ಮಾಡುವ ಎಳೆಗಳಿಗೆ. ಎಡವಿದಾಗ ತಟ್ಟನೆ ಇನ್ನೊಂದು ಕಾಲು ಮುಂದಿಡಲು ಬೇಕಾಗುವುದು ಅವೇ.

ಅಪ್ಪ ಬಿದ್ದದ್ದು ನಿನಗೆ ನೆನಪಿದೆ ಅಲ್ವಾ? ಮೂರು ವಾರ ಹಾಸಿಗೆ ಹಿಡಿದರು. ಪೆಟ್ಟು ವಾಸಿಯಾಯಿತು, ಕಾಲು ಮಾತ್ರ ನಿಲ್ಲಲಿಲ್ಲ. ತೊಡೆ ಹಿಡಿದು ನೋಡಿದರೆ ಮೂಳೆ ಕೈಗೆ ಸಿಗುತ್ತಿತ್ತು. ಎಲ್ಲ ವಯಸ್ಸಿನದು ಅಂದುಕೊಂಡೆ. ಆಮೇಲೆ ಓದಿದೆ: 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನೇ ಹತ್ತು ದಿನ ಮಲಗಿಸಿದ್ದರು. ಅಷ್ಟಕ್ಕೇ ಕಾಲುಗಳಿಂದ ಕೊಬ್ಬಲ್ಲದ ತೂಕ ಹೆಚ್ಚುಕಡಿಮೆ ಒಂದು ಕಿಲೋ ಇಳಿದಿತ್ತು. ಹತ್ತೇ ದಿನಕ್ಕೆ! ಇದು ಮೊದಲೇ ಗೊತ್ತಿದ್ದರೆ ವೈದ್ಯರನ್ನು ಕೇಳಿ, ಅಪ್ಪನನ್ನು ದಿನಕ್ಕೆ ನಾಲ್ಕು ಸಲವಾದರೂ ಕೂರಿಸಿ ನಿಲ್ಲಿಸುತ್ತಿದ್ದೆ. ಆ ಬೇಸರ ಇನ್ನೂ ಹೋಗಿಲ್ಲ.

ವಯಸ್ಸಿನ ಜೊತೆ ಬರುವ ಸ್ನಾಯುವಿನ ಈ ಸೊರಗುವಿಕೆಗೆ 1989ರಲ್ಲಿ ಇರ್ವಿನ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ ಸಾರ್ಕೋಪೀನಿಯ ಎಂದು ಹೆಸರಿಟ್ಟರು. ಮರುವರ್ಷವೇ ಮಾರಿಯಾ ಫಿಯಾಟರೋನೆ ಎಂಬ ವೈದ್ಯೆಯ ಅಧ್ಯಯನ ಬಂತು. ವೃದ್ಧಾಶ್ರಮದಲ್ಲಿದ್ದ 90ರ ಆಸುಪಾಸಿನವರಿಂದ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಬಲ ಸರಾಸರಿ ಶೇ 174ರಷ್ಟು ಹೆಚ್ಚಿತು. ತೊಡೆಯ ಸ್ನಾಯು ದಪ್ಪವಾದದ್ದು ಶೇ 9ರಷ್ಟು ಮಾತ್ರ. ಇದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ಅಂದರೆ ಮಲಗಿದ್ದ ಎಳೆಗಳನ್ನು ಎಬ್ಬಿಸುವುದನ್ನು ನರಗಳು ಆ ವಯಸ್ಸಿನಲ್ಲೂ ಮತ್ತೆ ಕಲಿಯುತ್ತವೆ.

ದಿನಾ ನಡೆಯುತ್ತೇನಲ್ಲ ಅಂತೀಯ. ನಡಿಗೆ ಹೃದಯಕ್ಕೆ ಒಳ್ಳೆಯದು, ಖಂಡಿತ ಬಿಡಬೇಡ. ಆದರೆ ಕಾಲಿಗೆ ಅದು ಅಭ್ಯಾಸವಾದ ಭಾರ. ರೂಢಿಗಿಂತ ತುಸು ಹೆಚ್ಚು ಕೇಳಿದರೆ ಮಾತ್ರ ಸ್ನಾಯು ಬೆಳೆಯುತ್ತದೆ. ಎದೆಯ ಮೇಲೆ ಕೈ ಕಟ್ಟಿ ಕುರ್ಚಿಯಿಂದ ಏಳು. ಕೂರುವಾಗ ದೊಪ್ಪನೆ ಕೂರಬೇಡ, ನಿಧಾನ ಇಳಿ. ಕೊನೆಯ ಎರಡು ಸಲ ಕಷ್ಟ ಅನ್ನಿಸಬೇಕು. ವಾರಕ್ಕೆ ಎರಡು ದಿನವಾದರೂ ಹೀಗೆ ಬಲದ ವ್ಯಾಯಾಮ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ನಾನು ಶುರು ಮಾಡಿದಾಗ ಐದಕ್ಕೇ ತೊಡೆ ನಡುಗುತ್ತಿತ್ತು. ಈಗ ಚೀಲ ಅಪ್ಪಿಕೊಂಡು ಹದಿನೈದು ಮಾಡುತ್ತೇನೆ.

ಮಾರನೇ ದಿನ ಮೈಕೈ ನೋವು ಬರುತ್ತದೆ. ಅದಕ್ಕೆ ಹೆದರಬೇಡ, ಎರಡು ಮೂರು ದಿನದಲ್ಲಿ ಹೋಗುತ್ತದೆ. ಕೀಲಿನೊಳಗೆ ಚುಚ್ಚಿದರೆ, ಎದೆ ಹಿಡಿದಂತಾದರೆ ಮಾತ್ರ ತಕ್ಷಣ ನಿಲ್ಲಿಸು. ನಿನಗೆ ಬಿಪಿ ಇದೆ, ಮೊದಲು ವೈದ್ಯರನ್ನು ಒಂದು ಮಾತು ಕೇಳು. ಊಟದಲ್ಲಿ ಪ್ರೋಟೀನ್ ಎಷ್ಟಿರಬೇಕು ಅಂತಲೂ ಆಗಲೇ ವಿಚಾರಿಸು. ಕಿಡ್ನಿ ಚೆನ್ನಾಗಿದ್ದರೆ ನಮ್ಮ ವಯಸ್ಸಿನವರಿಗೆ ದೇಹದ ತೂಕದ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕಾಗುತ್ತದೆ. ಒಂದೇ ಹೊತ್ತಿಗೆ ತಿನ್ನದೆ ಎಲ್ಲ ಊಟಕ್ಕೂ ಹಂಚಿಕೊಂಡರೆ ಒಳ್ಳೆಯದು.

ಭಾನುವಾರ ಬೆಳಿಗ್ಗೆ ಬರುತ್ತೇನೆ. ಅಲುಗಾಡದ ಒಂದು ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟಿರು. ಎಣಿಸುವುದು ನನ್ನ ಕೆಲಸ.

ನಿನ್ನ ಗೆಳೆಯ